ಬೋಲ್ಟಿನ ತಲೆಯ ಮೇಲಿನ ಗೀಟು

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿಬಂದ ತಾಯಂದಿರು ನಯಾಗರ ಜಲಪಾತದ ಬಗ್ಗೆ ಬರೆಯುವುದು ವಾಡಿಕೆ. ನಾನೂ ಜಲಪಾತ ನೋಡಿದೆ, ಚೆನ್ನಾಗಿದೆ. ಆದರೆ ಈಗ ಬರೆಯಹೊರಟಿರುವುದು ತುಕ್ಕು ಹಿಡಿದ ಬೋಲ್ಟುಗಳ ವಿಷಯ. ಅದರಲ್ಲೂ ಆ ಬೋಲ್ಟುಗಳಿಗಾಗಿ ಒಹಾಯೊ ರಾಜ್ಯದ ಸಿನ್ಸಿನಾಟಿ ಊರಿನಲ್ಲಿ, ಮಗಳ ಮನೆಯ ಗ್ಯಾರೇಜಿನಲ್ಲಿ, ನನಗೂ ಅಳಿಯನಿಗೂ ಆದ ಜಗಳದ ವಿಷಯ. ಹೆಂಗಸರಿಗೇಕೆ ಕಾರಿನ ಬೋಲ್ಟಿನ ಉಸಾಬರಿ ಎಂದು ಮೂಗು ಮುರಿಯುವವರು ಮುಂದಿನ ಪುಟಕ್ಕೆ ಹೋಗಬಹುದು.

ಅಳಿಯ ಒಂದು ಹಳೆಯ ಕಾರು ಕೊಂಡಿದ್ದ. 1969ರ ಷೆವ್ರೊಲೆ ಕಮಾರೊ. ಅಲ್ಲಿ ಇಂಥವನ್ನು ಮಸಲ್ ಕಾರ್ ಎನ್ನುತ್ತಾರೆ. ಸಾಧಾರಣ ಗಾತ್ರದ ಕಾರಿಗೆ ದೈತ್ಯ ಎಂಜಿನ್ ಕೂರಿಸಿ ಹುಡುಗರ ಕೈಗೆಟುಕುವ ಬೆಲೆಗೆ ಮಾರಿದ ಕಾಲವೊಂದಿತ್ತು. 1964ರಲ್ಲಿ ಪಾಂಟಿಯಾಕ್ ಕಂಪನಿಯ ಜಿಟಿಓ ಬಂದಾಗ ಶುರುವಾದ ಈ ಹುಚ್ಚು, ವಿಮೆಯ ಕಂತು, ಹೊಗೆಯ ಕಾನೂನು, 1973ರ ತೈಲ ಬಿಕ್ಕಟ್ಟುಗಳ ಹೊಡೆತಕ್ಕೆ ಇಳಿದುಹೋಯಿತು. ಅಳಿಯನ ಕಾರಿನ ಎಂಜಿನ್ 350 ಘನ ಇಂಚಿನದು, ಎಂದರೆ ಸುಮಾರು 5.7 ಲೀಟರ್. ನಮ್ಮ ಮಾರುತಿ 800ರ ಏಳು ಎಂಜಿನ್‌ಗಳನ್ನು ಒಟ್ಟಿಗೆ ಕಟ್ಟಿದ ಹಾಗೆ! ಚಾಸಿಸ್ ಸಂಖ್ಯೆಯ ನಡುವೆ ಎನ್ ಎಂಬ ಅಕ್ಷರವಿತ್ತು. ಹಾಗಿದ್ದರೆ ಅದು ನಾರ್ವುಡ್ ಕಾರ್ಖಾನೆಯ ಕಾರು. ಎಲ್ ಇದ್ದರೆ ಕ್ಯಾಲಿಫೋರ್ನಿಯದ್ದು. ನಾರ್ವುಡ್ ಸಿನ್ಸಿನಾಟಿಯ ಮಗ್ಗುಲಲ್ಲೇ ಇದೆ. ಕಾರ್ಖಾನೆ 1987ರಲ್ಲಿ ಮುಚ್ಚಿತು. ಕಾರು ಮಾತ್ರ ಎಲ್ಲೆಲ್ಲೋ ಅಲೆದು, ಮಳೆಯಲ್ಲಿ ನೆನೆದು, ತವರಿಗೆ ಬಂದಿತ್ತು.

ಗಾಡಿಯನ್ನು ಪೂರ್ತಿ ಬಿಚ್ಚಿದ್ದಾಗಿತ್ತು. ನಟ್ಟು, ಬೋಲ್ಟು, ಸ್ಕ್ರೂ, ವಾಷರ್ ಎಲ್ಲ ಕಾಫಿ ಪುಡಿಯ ಡಬ್ಬಿಗಳಲ್ಲಿ ಕಲಬೆರಕೆಯಾಗಿ ಬಿದ್ದಿದ್ದವು. ಬಣ್ಣದ ಕೆಲಸಕ್ಕೆ ಒಪ್ಪಿಕೊಂಡಿದ್ದ ಶೆಡ್ಡಿನವನು, “ಈ ಹಳೇ ಕಬ್ಬಿಣ ಬಿಸಾಡಿ, ಫಳಫಳ ಹೊಳೆಯುವ ಸ್ಟೇನ್‌ಲೆಸ್ ಬೋಲ್ಟುಗಳ ಸೆಟ್ಟು ಹಾಕಿಕೊಡುತ್ತೇನೆ” ಎಂದಿದ್ದ. ಡಬ್ಬಿಗಳು ಕಸದ ತೊಟ್ಟಿಯ ಪಕ್ಕಕ್ಕೆ ಹೋಗಿಯೂ ಇದ್ದವು. ಮಗುವಿನ ಬಟ್ಟೆ ಒಣಹಾಕಲು ಹೊರಟವಳು ಅವನ್ನು ಒಳಗೆ ತಂದೆ. ಬಳಸಿದ ಸಾಮಾನನ್ನು ನೋಡದೆ ಎಸೆಯಲು ನನ್ನ ಕೈ ಬರುವುದಿಲ್ಲ, ಅಷ್ಟೇ. ಆಗ ನನಗೆ ಬೋಲ್ಟಿನ ಬಗ್ಗೆ ಏನೂ ಗೊತ್ತಿರಲಿಲ್ಲ.

ಅಳಿಯನ ಬಳಿ ಪುಸ್ತಕಗಳಿದ್ದವು. ಮಗು ಮಲಗಿದ ಹೊತ್ತಿನಲ್ಲಿ ಓದಿದೆ. ಹಳೆಯ ಹಾಳೆಯ ಮೇಲೆ ಡಬ್ಬಿ ಸುರಿದುಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಆರಿಸತೊಡಗಿದೆ. ಮೂರು ದಿನಕ್ಕೆ ಕಣ್ಣು ಪಳಗಿತು. ಅಕ್ಕಿ, ಬೇಳೆ, ಗುಂಡಿ, ಮಣಿ ಎಂದು ಜೀವನವಿಡೀ ಆರಿಸಿದವರಿಗೆ ಇದೇನು ಮಹಾ? ಗ್ಯಾರೇಜಿನಲ್ಲಿ ಇದೇ ಕೆಲಸವನ್ನು ಗಂಡಸರು ಮಾಡಿದರೆ ಅದಕ್ಕೆ ಪರಿಣತಿ ಎಂದು ಹೆಸರು.

ಮೊದಲು ನೋಡಬೇಕಾದ್ದು ತಲೆ. ಅಮೆರಿಕದ ಇಂಚಿನ ಅಳತೆಯ ಬೋಲ್ಟಿನ ತಲೆಯ ಮೇಲೆ ಸೂರ್ಯಕಿರಣದ ಹಾಗೆ ಗೀಟುಗಳಿರುತ್ತವೆ. ಮೂರು ಗೀಟು ಇದ್ದರೆ ಐದನೇ ದರ್ಜೆ, ಚದರ ಇಂಚಿಗೆ 1,20,000 ಪೌಂಡಿನ ಎಳೆತ ತಾಳಬಲ್ಲದು. ಆರು ಗೀಟು ಇದ್ದರೆ ಎಂಟನೇ ದರ್ಜೆ, 1,50,000. ಗೀಟೇ ಇಲ್ಲದ್ದು ಸಾಮಾನ್ಯವಾಗಿ ಎರಡನೇ ದರ್ಜೆ, ಹಗುರ ಕೆಲಸದ್ದು. ಐದಕ್ಕೆ ಮೂರು, ಎಂಟಕ್ಕೆ ಆರು ಏಕೆ ಎಂದು ನನ್ನನ್ನು ಕೇಳಬೇಡಿ; ಗೀಟಿಗೆ ಎರಡು ಕೂಡಿಸಿದರೆ ದರ್ಜೆ ಸಿಗುತ್ತದೆ ಎಂದು ಮಕ್ಕಳಿಗೆ ಹೇಳಿಕೊಟ್ಟಂತೆ ನನಗೆ ನಾನೇ ಹೇಳಿಕೊಂಡೆ. ಶೆಡ್ಡಿನವನ ಸಾಧಾರಣ ಸ್ಟೇನ್‌ಲೆಸ್ ಬೋಲ್ಟು ಎಷ್ಟೇ ಹೊಳೆದರೂ ಮೂರು ಗೀಟಿನ ಮುದಿ ಬೋಲ್ಟಿನಷ್ಟು ಗಟ್ಟಿ ಅಲ್ಲ. ಇದು ಅವನಿಗೂ ಗೊತ್ತಿದ್ದೀತು. ಹೊಳಪಿಗೆ ಗಿರಾಕಿ ಹೆಚ್ಚು.

ಗೀಟುಗಳ ನಡುವೆ ತಯಾರಕರ ಅಕ್ಷರ ಇರುತ್ತದೆ. ಟಿಆರ್ ಎಂದಿದ್ದರೆ ಟೌನ್ ರಾಬಿನ್‌ಸನ್, ಆರ್‌ಬಿಡಬ್ಲ್ಯು ಎಂದಿದ್ದರೆ ರಸೆಲ್, ಬರ್ಡ್‌ಸಾಲ್ ಅಂಡ್ ವಾರ್ಡ್. ಕಾರು ಮಾಡುವವರು ಒಬ್ಬನೇ ವ್ಯಾಪಾರಿಯಿಂದ ಬೋಲ್ಟು ಕೊಳ್ಳುತ್ತಿರಲಿಲ್ಲ, ಹಾಗಾಗಿ ಒಂದೇ ಕಾರಿನಲ್ಲಿ ಹಲವು ಅಕ್ಷರಗಳು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ತಲೆಯಷ್ಟೇ ಅಲ್ಲ, ಬುಡವೂ ಮಾತಾಡುತ್ತದೆ. ಮಡ್‌ಗಾರ್ಡಿನಂಥ ತಗಡಿನ ಭಾಗಗಳಿಗೆ ಹಾಕುವ ಎಷ್ಟೋ ಬೋಲ್ಟುಗಳ ತುದಿ ಪೆನ್ಸಿಲಿನಂತೆ ಚೂಪು. ಓಡುತ್ತಿರುವ ಸಾಲಿನಲ್ಲಿ ನಿಂತ ಕೆಲಸಗಾರನಿಗೆ ಬಗ್ಗಿ ತೂತು ಹುಡುಕಲು ಪುರಸೊತ್ತಿಲ್ಲ; ಚೂಪು ತುದಿ ತಾನೇ ದಾರಿ ಹುಡುಕಿಕೊಳ್ಳಲಿ ಎಂದು ಹಾಗೆ ಮಾಡಿದ್ದರು. ಕೆಲವಕ್ಕೆ ವಾಷರ್ ಅಲ್ಲೇ ಸೇರಿಕೊಂಡಿರುತ್ತದೆ. ಗಿರಗಿರ ತಿರುಗುತ್ತದೆ, ಕಳಚಿ ಬರುವುದಿಲ್ಲ. ಥ್ರೆಡ್ಡು ಕೊರೆಯುವ ಮೊದಲೇ ವಾಷರ್ ತೊಡಿಸಿ, ಆಮೇಲೆ ಒತ್ತಿ ಥ್ರೆಡ್ಡು ಮೂಡಿಸಿದರೆ ಸುತ್ತು ದಪ್ಪವಾಗಿ ವಾಷರ್ ಒಳಗೇ ಉಳಿಯುತ್ತದೆ. ಎಳೆಯ ವಯಸ್ಸಿನಲ್ಲಿ ತೊಟ್ಟ ಬಳೆ ದೊಡ್ಡವಳಾದ ಮೇಲೆ ಕೈಯಿಂದ ಬಾರದ ಹಾಗೆ.

ಇನ್ನು ಬಣ್ಣ. ನನಗೆ ಅತಿ ಹಿಡಿಸಿದ್ದು ಇದು. ಎಂಜಿನ್ನನ್ನು ಅದರ ಕಾರ್ಖಾನೆಯಲ್ಲಿ ಜೋಡಿಸಿ, ಒಟ್ಟಿಗೇ ಕಿತ್ತಳೆ ಬಣ್ಣ ಹೊಡೆಯುತ್ತಿದ್ದರು. ಆದ್ದರಿಂದ ನೀರಿನ ಪಂಪಿನ ಬೋಲ್ಟಿನ ತಲೆ ಕಿತ್ತಳೆ. ಆಲ್ಟರ್ನೇಟರನ್ನು ಹಿಡಿದಿಡುವ ಬೋಲ್ಟು ಆಮೇಲೆ ಸೇರಿದ್ದು, ಅದಕ್ಕೆ ಕಿತ್ತಳೆ ಇಲ್ಲ. ಬಾಗಿಲನ್ನು ತೂಗುಹಾಕಿದ ಮೇಲೆ ದೇಹಕ್ಕೆ ಬಣ್ಣ ಬೀಳುತ್ತಿತ್ತು, ಹಾಗಾಗಿ ಕೀಲಿನ ಬೋಲ್ಟಿಗೆ ಕಾರಿನದೇ ಬಣ್ಣ. ಉಳಿದವಕ್ಕೆ ಕರಿಯ ಫಾಸ್ಫೇಟ್ ಲೇಪ, ಬೆಳ್ಳಗಿನ ಸತುವು, ಕೆಲವಕ್ಕೆ ಕ್ಯಾಡ್ಮಿಯಂ. ಯಾವುದು ಮೊದಲು, ಯಾವುದು ಆಮೇಲೆ ಎಂದು ಬೋಲ್ಟಿನ ತಲೆ ನೋಡಿ ಹೇಳಬಹುದು. 1969ರಲ್ಲಿ ನಾರ್ವುಡ್‌ನ ಒಂದು ಪಾಳಿಯಲ್ಲಿ ಯಾರ ಕೈ ಯಾರ ನಂತರ ಈ ಗಾಡಿಯನ್ನು ಮುಟ್ಟಿತು ಎಂಬುದು ಆ ಕಾಫಿ ಡಬ್ಬಿಯಲ್ಲಿತ್ತು. ಅದನ್ನೇ ಬಿಸಾಡಲು ಹೇಳಿದ್ದು.

ಹೊರಗಿನವರೂ ಸಿಕ್ಕರು. ಒಂದರ ತಲೆಯ ಮೇಲೆ 8.8 ಎಂದಿತ್ತು. ಅದು ಮೆಟ್ರಿಕ್ ದರ್ಜೆ. 1969ರ ಈ ಕಾರಿಗೆ ಅದು ಹುಟ್ಟಿನಿಂದ ಬಂದದ್ದಲ್ಲ. 8 ಮಿಲಿಮೀಟರಿನದು, 5/16 ಇಂಚಿನ ತೂತಿಗೆ ಸೇರುವ ಹಾಗೆ ನಟಿಸುತ್ತದೆ. ಎರಡು ಸುತ್ತು ಸಲೀಸಾಗಿ ಹೋಗಿ ಬಿಗಿಯುತ್ತದೆ, ಏಕೆಂದರೆ ಇದರ ಸುತ್ತುಗಳ ನಡುವೆ 1.25 ಮಿಲಿಮೀಟರು, ಅದರದು ಸುಮಾರು 1.4. ಯಾರೋ ಬಲವಂತ ಮಾಡಿ ತೂತಿನ ಥ್ರೆಡ್ಡು ಕೆಡಿಸಿದ್ದರು. ಬಾಚಣಿಗೆಯಂಥ ಗೇಜು ಹಿಡಿದು ಹಲ್ಲು ಕೂರುತ್ತದೋ ಇಲ್ಲವೋ ನೋಡಿದ್ದರೆ ಒಂದು ನಿಮಿಷದ ಕೆಲಸ.

ಇಲ್ಲಿಯವರೆಗೆ ಅಳಿಯ ನನ್ನ ಪಕ್ಷ. ಶೆಡ್ಡಿನವನಿಗೆ ಅವನೇ ಬೇಡವೆಂದ. ಅತ್ತೆಯ ಕಣ್ಣು ಎಂದು ಗೆಳೆಯರ ಮುಂದೆ ಹೊಗಳಿದ್ದೂ ಆಯಿತು. ಎರಡನೇ ಜಗಳ ಹುಟ್ಟಿದ್ದು ಕಳೆದುಹೋದ, ಮುರಿದ ಬೋಲ್ಟುಗಳ ಜಾಗಕ್ಕೆ ಏನು ಎಂಬಲ್ಲಿ. ಅಲ್ಲಿ ಹಳೆಯ ಅಕ್ಷರಗಳನ್ನೇ ತಲೆಯ ಮೇಲೆ ಒತ್ತಿದ ಹೊಸ ಬೋಲ್ಟುಗಳ ಸೆಟ್ಟು ಸಿಗುತ್ತದೆ. ಹೊಸದೆಂದು ಹೇಳಿಯೇ ಮಾರುತ್ತಾರೆ, ಅವರ ಮೇಲೆ ನನಗೆ ಮುನಿಸಿಲ್ಲ. ಅಳಿಯ ಅದನ್ನು ತರಿಸಿ, ಉಪ್ಪುನೀರಿನಲ್ಲಿ ನೆನೆಸಿ ತುಸು ಮಾಸಿಸಿ, ಮಾರುವಾಗ “ಎಲ್ಲ ಬೋಲ್ಟೂ ಕಾರ್ಖಾನೆಯದೇ” ಎಂದು ಬರೆಯುವ ಯೋಚನೆಯಲ್ಲಿದ್ದ.

ನಾನು ಸುಮ್ಮನಿರಲಿಲ್ಲ. ಅವನ ವಾದವನ್ನೂ ಹೇಳಬೇಕು, ದಡ್ಡನ ವಾದವಲ್ಲ ಅದು. ಪ್ರದರ್ಶನಗಳಲ್ಲಿ ತೀರ್ಪುಗಾರರು ತಪ್ಪು ತಲೆಯ ಬೋಲ್ಟಿಗೆ ಅಂಕ ಕಳೆಯುತ್ತಾರೆ. 1974ರಲ್ಲಿ ಕಾರ್ವೆಟ್ ಕಾರಿನವರು ಕಟ್ಟಿಕೊಂಡ ಸಂಘದ ನಿಯಮವೇ ಕಾರ್ಖಾನೆಯಿಂದ ಹೊರಬಂದ ದಿನದಂತೆ ಇರಬೇಕು ಎಂದು. ಹೊಳಪು ಹೆಚ್ಚಾದರೂ ತಪ್ಪೇ. “ನೋಡಲು ಹಾಗೇ ಇದ್ದರೆ ಸಾಕಲ್ಲ ಅತ್ತೆ, ಎಲ್ಲರೂ ಮಾಡುತ್ತಾರೆ, ಒಂದು ಬೋಲ್ಟಿನಿಂದ ಯಾರಿಗೆ ನಷ್ಟ?” ಎಂದ.

ಎಲ್ಲರೂ ಮಾಡುತ್ತಾರೆ ಎಂಬ ಮಾತನ್ನು ಮೂವತ್ತು ವರ್ಷಗಳಿಂದ ಪರೀಕ್ಷಾ ಕೊಠಡಿಯಲ್ಲಿ ಕೇಳುತ್ತಿದ್ದೇನೆ. ಕಾಪಿ ಹೊಡೆದ ಉತ್ತರಪತ್ರಿಕೆ ಸಿಕ್ಕಿಬೀಳುವುದು ತಪ್ಪಿನಿಂದಲ್ಲ, ಹತ್ತು ಮಕ್ಕಳದೂ ಒಂದೇ ಥರ ಇರುವುದರಿಂದ. ಸೆಟ್ಟಿನ ಬೋಲ್ಟುಗಳೂ ಹಾಗೆಯೇ. ಎಂಜಿನ್ ಕೋಣೆಯ ತುಂಬ ಟಿಆರ್, ಟಿಆರ್, ಟಿಆರ್. ನಿಜವಾದ ಕಾರಿನಲ್ಲಿ ಅಷ್ಟು ಶಿಸ್ತು ಇರಲಿಲ್ಲ.

ಹಿಡಿಯುವವರು ಹಿಡಿದಾರು. ನನ್ನ ತಕರಾರು ಅದಲ್ಲ. ನೀನು ಯಾವುದು ಎಲ್ಲಿಯದು ಎಂದು ಕಲಿತದ್ದು ಹೇಗೆ? ಯಾರೂ ಬಿಚ್ಚದ, ಯಾರೂ ತಿದ್ದದ ಹಳೆಯ ಕಾರುಗಳನ್ನು ನೋಡಿ ಯಾರೋ ಬರೆದಿಟ್ಟ ಪುಸ್ತಕದಿಂದ. ನಾಳೆ ಇನ್ನೊಬ್ಬ ನಿನ್ನ ಕಾರನ್ನು ನೋಡಿ ಬರೆದುಕೊಳ್ಳುತ್ತಾನೆ. ನಿನ್ನ ಸುಳ್ಳು ಅವನ ಪಾಠವಾಗುತ್ತದೆ. ಈಗಾಗಲೇ ಈ ಲೋಕದಲ್ಲಿ ಎಂಜಿನ್ನಿನ ಮೇಲೆ ಸಂಖ್ಯೆ ಅಳಿಸಿ ಬೇರೆ ಸಂಖ್ಯೆ ಕುಟ್ಟುವವರಿದ್ದಾರೆ. 1964, 65ರ ಜಿಟಿಓ ಎಂಬುದು ಲೆಮಾನ್ಸ್ ಕಾರಿನ ಮೇಲೆ ಹಣ ಕೊಟ್ಟು ಪಡೆಯುವ ಹೆಚ್ಚುವರಿ ಸೌಲಭ್ಯವಾಗಿತ್ತು, ಚಾಸಿಸ್ ಸಂಖ್ಯೆಯಲ್ಲಿ ಅದು ಕಾಣುವುದಿಲ್ಲ. ಬಡ ಲೆಮಾನ್ಸ್‌ಗೆ ಜಿಟಿಓ ವೇಷ ಹಾಕಿ ಮಾರುವವರಿಗೆ ಅದೇ ಅನುಕೂಲ. ದೊಡ್ಡ ಸುಳ್ಳಿಗೆ ಸಾಕ್ಷಿ ನಿಲ್ಲುವುದು ಇಂಥ ಸಣ್ಣ ಬೋಲ್ಟುಗಳೇ. ಕಲಿತ ವಿದ್ಯೆಯನ್ನು ಕಳ್ಳನಿಗೆ ಬಾಡಿಗೆ ಕೊಡಬಾರದು ಎಂದೆ. ಅವನು ಊಟ ಮಾಡದೆ ಎದ್ದುಹೋದ. ಬಾಣಂತಿಯೆದುರು ಅಷ್ಟು ಗಟ್ಟಿಯಾಗಿ ಮಾತಾಡಬಾರದಿತ್ತು, ಅದನ್ನು ಒಪ್ಪುತ್ತೇನೆ.

ಬೋಲ್ಟಿನ ತಲೆಯ ಗೀಟು ಸುಳ್ಳಾದರೆ ಏನಾಗುತ್ತದೆ ಎಂಬುದು ಅಮೆರಿಕದವರಿಗೆ ಗೊತ್ತಿಲ್ಲದ್ದಲ್ಲ. 1980ರ ದಶಕದಲ್ಲಿ ಆರು ಗೀಟು ಒತ್ತಿದ, ಆದರೆ ಅಗ್ಗದ ಬೋರಾನ್ ಉಕ್ಕಿನಿಂದ ಮಾಡಿದ ಬೋಲ್ಟುಗಳು ಆ ದೇಶದ ತುಂಬ ಹರಡಿದ್ದವು. ತಣ್ಣಗಿದ್ದಾಗ ಗಟ್ಟಿ, ಕಾವು ಏರಿದರೆ ಸಡಿಲ. ಕಡೆಗೆ ಅವರ ಸಂಸತ್ತು 1990ರಲ್ಲಿ ಬೋಲ್ಟುಗಳ ಗುಣಮಟ್ಟಕ್ಕೆಂದೇ ಒಂದು ಕಾನೂನು ಮಾಡಬೇಕಾಯಿತು. ಗೀಟು ಎಂದರೆ ಅಲಂಕಾರವಲ್ಲ, ಕೊಟ್ಟ ಮಾತು.

ಹಾಗೆಂದು ಹಳೆಯದೆಲ್ಲ ಪೂಜೆಗೆ ಯೋಗ್ಯ ಎನ್ನುವವರ ಜೊತೆಗೂ ನಾನಿಲ್ಲ. ಸೀಟ್ ಬೆಲ್ಟನ್ನು ನೆಲಕ್ಕೆ ಹಿಡಿದಿಡುವುದು 7/16 ಇಂಚಿನ ಬೋಲ್ಟು. ತುಕ್ಕು ತಿಂದು ಕುತ್ತಿಗೆ ಸಣ್ಣಗಾದದ್ದನ್ನು ಅಸಲಿ ಎಂಬ ಒಂದೇ ಕಾರಣಕ್ಕೆ ಮತ್ತೆ ಹಾಕಿ, ಮೊಮ್ಮಗಳನ್ನು ಆ ಸೀಟಿನಲ್ಲಿ ಕೂರಿಸುತ್ತೀರೇನು? ಸ್ಟೀರಿಂಗು, ಬ್ರೇಕಿನ ಮಾತೂ ಅದೇ. ಮನೆಯಲ್ಲೇ ಆಸಿಡ್ಡಿನಲ್ಲಿ ಅದ್ದಿ ಲೇಪ ಹಾಕಿಕೊಳ್ಳುವ ಹವ್ಯಾಸಿಗಳು ಬಹಳ ಮಂದಿ. ಗಟ್ಟಿ ಉಕ್ಕು ಆಸಿಡ್ಡಿನಲ್ಲಿ ಹೈಡ್ರೋಜನ್ ಕುಡಿಯುತ್ತದೆ. ಲೇಪವಾದ ಕೂಡಲೇ ಗಂಟೆಗಟ್ಟಲೆ ಒಲೆಯಲ್ಲಿ ಬೇಯಿಸಿ ಅದನ್ನು ಹೊರಗೆ ಹಾಕದಿದ್ದರೆ, ಬಿಗಿದ ಬೋಲ್ಟು ಒಂದು ದಿನ ಹೇಳದೆ ಕೇಳದೆ ಫಟ್ಟೆಂದು ಮುರಿಯುತ್ತದೆ. ಹಳೆಯ ಕ್ಯಾಡ್ಮಿಯಂ ಲೇಪವನ್ನು ತಂತಿಯ ಬ್ರಷ್ಷಿನಿಂದ ಉಜ್ಜಿದರೆ, ಕಾಯಿಸಿದರೆ ಬರುವುದು ವಿಷ. ಅಳಿಯ ಉಜ್ಜುತ್ತಿದ್ದದ್ದು ಮಗುವಿನ ಬಟ್ಟೆಯ ಹಗ್ಗದ ಕೆಳಗೆ. ಅದನ್ನು ನಿಲ್ಲಿಸಲು ಜಗಳ ಬೇಕಾಗಲಿಲ್ಲ, ಮಗಳೇ ನಿಲ್ಲಿಸಿದಳು.

ಐದಾರು ದಿನ ಮಾತಿಲ್ಲದೆ ಕಳೆಯಿತು. ಆಮೇಲೆ ಅವನೇ ಒಂದು ನೋಟ್‌ಬುಕ್ ತಂದು ನನ್ನ ಮುಂದಿಟ್ಟ, “ನಿಮ್ಮ ಅಕ್ಷರ ಚೆನ್ನಾಗಿದೆ, ಬರೆಯಿರಿ” ಎಂದ. ಯಾವ ಬೋಲ್ಟು ಹಳೆಯದು, ಯಾವುದು ಹೊಸದು, ಹೊಸದಾದರೆ ಏಕೆ ಎಂದು ಎಡದಿಂದ ಬಲಕ್ಕೆ, ಮುಂದಿನಿಂದ ಹಿಂದಕ್ಕೆ ಬರೆದೆವು. ಸೀಟ್ ಬೆಲ್ಟಿನವೆಲ್ಲ ಹೊಸವು. ಅಕ್ಷರ ಒತ್ತಿದ ಸೆಟ್ಟನ್ನೂ ಒಂದಿಷ್ಟು ಬಳಸಿದೆವು, “ಹೊಸದು, ಹಳೆಯದರ ಪಡಿಯಚ್ಚು” ಎಂದು ಎದುರಿಗೆ ಬರೆದು. ಪ್ರದರ್ಶನದಲ್ಲಿ ಅಂಕ ಹೋದೀತು ಎಂದು ಅವನ ಗೆಳೆಯರು ಈಗಲೂ ಗೊಣಗುತ್ತಾರಂತೆ. ಎಷ್ಟು ಹುಡುಕಿದರೂ ಎಲ್ಲಿಯದೆಂದು ತಿಳಿಯದ ಬೋಲ್ಟುಗಳು ಹನ್ನೊಂದು ಉಳಿದವು. ಅವನ್ನು ಒಂದು ಲಕೋಟೆಗೆ ಹಾಕಿ, ಮೇಲೆ “ಗೊತ್ತಿಲ್ಲ” ಎಂದು ಬರೆದು ನೋಟ್‌ಬುಕ್ಕಿಗೆ ಪಿನ್ ಮಾಡಿ ಬಂದಿದ್ದೇನೆ.