ಸಿಸೇರಿಯನ್ ಬಾಣಂತಿಯ ವಿಶ್ರಾಂತಿಯ ಹಕ್ಕು

ಮದೀನಾದ ಮಸೀದಿಯಲ್ಲಿ ಒಮ್ಮೆ ಎರಡು ಕಂಬಗಳ ನಡುವೆ ಒಂದು ಹಗ್ಗ ಕಟ್ಟಿತ್ತು. ಅದೇನೆಂದು ಪ್ರವಾದಿವರ್ಯರು(ಸ) ವಿಚಾರಿಸಿದರು. ಅದು ಝೈನಬ್(ರ)ರ ಹಗ್ಗವೆಂದೂ ನಮಾಝಿನಲ್ಲಿ ನಿಂತು ದಣಿದಾಗ ಅವರು ಅದನ್ನು ಆಧರಿಸಿಕೊಳ್ಳುತ್ತಾರೆಂದೂ ಅಲ್ಲಿದ್ದವರು ತಿಳಿಸಿದರು. ಪ್ರವಾದಿ(ಸ) ಆ ಹಗ್ಗವನ್ನು ಬಿಚ್ಚಲು ಹೇಳಿದರು. ಚೈತನ್ಯವಿರುವಷ್ಟು ಹೊತ್ತು ನಮಾಝ್ ಮಾಡಬೇಕು, ದಣಿದಾಗ ಕುಳಿತುಕೊಳ್ಳಬೇಕು ಎಂದು ಬೋಧಿಸಿದರು. ಹ. ಅನಸ್(ರ) ವರದಿ ಮಾಡಿರುವ ಈ ಘಟನೆ ಬುಖಾರಿ ಮತ್ತು ಮುಸ್ಲಿಮ್ ಎರಡೂ ಗ್ರಂಥಗಳಲ್ಲಿದೆ.

ಆರಾಧನೆಗಾಗಿ ಕಟ್ಟಿದ ಹಗ್ಗವನ್ನೇ ಬಿಚ್ಚಿಸಿದ ಪ್ರವಾದಿಯ(ಸ) ಸಮುದಾಯ ನಾವು. ಆದರೆ ನಮ್ಮದೇ ಮನೆಗಳಲ್ಲಿ, ಹೊಟ್ಟೆಯ ಹೊಲಿಗೆ ಇನ್ನೂ ಮಾಗದ ಬಾಣಂತಿಯರು ಕಣ್ಣಿಗೆ ಕಾಣದ ಹಗ್ಗವೊಂದನ್ನು ಹಿಡಿದು ನಿಂತಿದ್ದಾರೆ. ಆ ಹಗ್ಗದ ಹೆಸರು ನಾಚಿಕೆ.

ಇದನ್ನು ನಾನು ಅನುಭವದಿಂದ ಬರೆಯುತ್ತಿದ್ದೇನೆ. ನನ್ನ ಎರಡನೆಯ ಹೆರಿಗೆ ಸಿಸೇರಿಯನ್ ಆಗಿತ್ತು. ಏಳನೆಯ ದಿನ ಅಕೀಕ. ಮನೆ ತುಂಬ ನೆಂಟರು. ಮಗುವನ್ನು ನೋಡಲು ಬಂದ ಹಿರಿಯರೊಬ್ಬರು ನಗುತ್ತಲೇ ಹೇಳಿದರು: “ನಿನಗೇನಮ್ಮಾ, ನೋವು ತಿನ್ನದೆ ಮಗು ಪಡೆದೆ. ನಾವೆಲ್ಲ ಹೆತ್ತ ಮೂರನೆಯ ದಿನಕ್ಕೇ ಬಾವಿಯಿಂದ ನೀರು ಸೇದಿದವರು.” ಅವರ ಮಾತಿನಲ್ಲಿ ಕೆಡುಕಿರಲಿಲ್ಲ. ಆದರೆ ಆ ಬಳಿಕ ಮಂಚದ ಮೇಲೆ ಮಲಗಿರಲು ನನಗೆ ಮನಸ್ಸಾಗಲಿಲ್ಲ. ಎದ್ದು ಅಡುಗೆಮನೆಗೆ ಹೋದೆ. ತುಂಬಿದ ಕೊಡವನ್ನು ಎತ್ತಿ ಸೊಂಟಕ್ಕಿಟ್ಟೆ. ಎರಡು ದಿನಗಳ ನಂತರ ಹೊಲಿಗೆಯ ಒಂದು ಬದಿ ಬಿರಿದು, ಜ್ವರ ಏರಿ, ಮತ್ತೆ ಆಸ್ಪತ್ರೆ ಸೇರಿದೆ. “ಭಾರ ಎತ್ತಲು ನಿಮಗೆ ಯಾರು ಹೇಳಿದರು?” ಎಂದು ವೈದ್ಯೆ ಕೇಳಿದರು. ಯಾರೂ ಹೇಳಿರಲಿಲ್ಲ. ಬೇಡವೆಂದೂ ಯಾರೂ ಹೇಳಿರಲಿಲ್ಲ.

ಇದು ನನ್ನೊಬ್ಬಳ ಕಥೆಯಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹೆರಿಗೆಗಳಲ್ಲಿ ಶೇ. 21.5ರಷ್ಟು ಸಿಸೇರಿಯನ್ ಮೂಲಕ ಆಗಿವೆ. ಕರ್ನಾಟಕದಲ್ಲಿ ಈ ಪ್ರಮಾಣ ಶೇ. 31.5. ಇವುಗಳಲ್ಲಿ ಎಷ್ಟು ಅನಿವಾರ್ಯ, ಎಷ್ಟು ಅನಗತ್ಯ ಎಂಬ ಚರ್ಚೆ ನಡೆಯಲೇಬೇಕು. ಆದರೆ ಆ ಚರ್ಚೆಯ ಭಾರವನ್ನು ಮಂಚದ ಮೇಲಿರುವ ತಾಯಿಯ ಮೇಲೆ ಹೊರಿಸುವುದು ಅನ್ಯಾಯ. ಆಕೆಯ ಹೊಟ್ಟೆಯ ಚರ್ಮ, ಅದರಡಿಯ ಕೊಬ್ಬು, ಸ್ನಾಯುಗಳನ್ನು ಬಿಗಿದಿಡುವ ಗಟ್ಟಿ ಪೊರೆ, ಹೊಟ್ಟೆಯ ಒಳಪೊರೆ ಮತ್ತು ಕೊನೆಗೆ ಗರ್ಭಕೋಶ, ಇಷ್ಟನ್ನೂ ಕತ್ತರಿಸಿ ಹೊಲಿಯಲಾಗಿದೆ. ಇಂತಹದ್ದೇ ಶಸ್ತ್ರಚಿಕಿತ್ಸೆ ಮನೆಯ ಗಂಡಸಿಗೆ ಆಗಿದ್ದರೆ ನಾವು ಅವನ ಕೈಗೆ ನೀರಿನ ಲೋಟವನ್ನೂ ತಂದು ಕೊಡುತ್ತಿದ್ದೆವು. ಬಾಣಂತಿಯಾದರೋ ಅದೇ ಗಾಯವನ್ನು ಹೊತ್ತು ಎರಡು ಮೂರು ಗಂಟೆಗೊಮ್ಮೆ ಎದ್ದು ಮಗುವಿಗೆ ಹಾಲುಣಿಸುತ್ತಾಳೆ. ಹೊರಗಿನ ಚರ್ಮ ಒಂದೆರಡು ವಾರಗಳಲ್ಲಿ ಕೂಡಿಕೊಂಡಂತೆ ಕಾಣುತ್ತದೆ. ಒಳಗಿನ ಪದರಗಳು ಬಲಗೊಳ್ಳಲು ತಿಂಗಳುಗಳೇ ಬೇಕು. ಮೋಸ ಇರುವುದು ಇಲ್ಲಿಯೇ. ನೋಡುವವರ ಕಣ್ಣಿಗೂ, ಕೆಲವೊಮ್ಮೆ ಆಕೆಯ ಕಣ್ಣಿಗೂ, ಎಲ್ಲವೂ ವಾಸಿಯಾದಂತೆಯೇ ತೋರುತ್ತದೆ.

ಪವಿತ್ರ ಕುರ್‌ಆನ್ ತಾಯಿಯ ದಣಿವನ್ನು ಮರೆಮಾಚುವುದಿಲ್ಲ. ಒಂದರ ಮೇಲೊಂದಾಗಿ ಬರುವ ಆಕೆಯ ನಿಶ್ಶಕ್ತಿಯನ್ನು ಸೂರ ಲುಕ್ಮಾನ್ (31:14) ನಮಗೆ ನೆನಪಿಸುತ್ತದೆ. ಸೂರ ಮರ್ಯಮ್‌ನಲ್ಲಿ (19:23-26) ಹೆರಿಗೆಯ ಬೇನೆಯಿಂದ ಖರ್ಜೂರದ ಮರದ ಬುಡಕ್ಕೆ ಬಂದ ಹ. ಮರ್ಯಮ್(ಅ) ತಾನು ಇದಕ್ಕೆ ಮೊದಲೇ ಸತ್ತಿರಬಾರದಿತ್ತೇ ಎಂದು ಕೊರಗುತ್ತಾರೆ. ಅಲ್ಲಾಹನು ಆ ಮಾತಿಗಾಗಿ ಅವರನ್ನು ಗದರಿಸಲಿಲ್ಲ. ಹತ್ತಿರದಲ್ಲೇ ನೀರಿನ ತೊರೆ, ಮರದಲ್ಲಿ ಮಾಗಿದ ಹಣ್ಣು, ತಿಂದು ಕುಡಿದು ಕಣ್ಣು ತಂಪಾಗಿಸಿಕೊಳ್ಳುವ ಅಪ್ಪಣೆ, ಜನರೊಡನೆ ಅಂದು ಮಾತನಾಡುವ ಹೊಣೆಯಿಂದ ಬಿಡುಗಡೆ, ಇಷ್ಟನ್ನು ದಯಪಾಲಿಸಿದನು. ಆಹಾರ, ನೀರು, ನೆಮ್ಮದಿ, ಜನಜಂಗುಳಿಯಿಂದ ಬಿಡುವು. ನಮ್ಮ ಮನೆಯ ಬಾಣಂತಿಗೆ ಇವುಗಳಲ್ಲಿ ಎಷ್ಟು ಸಿಗುತ್ತಿದೆ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ.

ಇಲ್ಲಿ ಇನ್ನೊಂದು ಘಟನೆ ನೆನಪಾಗುತ್ತದೆ. ಹ. ಜಾಬಿರ್(ರ) ವರದಿ ಮಾಡಿ, ಅಬೂದಾವೂದ್‌ನಲ್ಲಿ ದಾಖಲಾದ ಘಟನೆ ಅದು. ಪ್ರಯಾಣದಲ್ಲಿ ಒಬ್ಬರ ತಲೆಗೆ ಕಲ್ಲು ಬಡಿದು ಗಾಯವಾಗಿತ್ತು. ಅವರಿಗೆ ಸ್ನಾನ ಕಡ್ಡಾಯವಾಯಿತು. ತಯಮ್ಮುಮ್ ಸಾಕಾದೀತೇ ಎಂದು ಕೇಳಿದಾಗ, ನೀರು ಇರುವಾಗ ರಿಯಾಯಿತಿ ಇಲ್ಲವೆಂದು ಜೊತೆಗಾರರು ತೀರ್ಪಿತ್ತರು. ಅವರು ಸ್ನಾನ ಮಾಡಿದರು, ಮೃತಪಟ್ಟರು. ಸುದ್ದಿ ತಿಳಿದ ಪ್ರವಾದಿ(ಸ) ಬಹಳ ನೊಂದರು. ಅರಿವಿಲ್ಲದೆ ತೀರ್ಪು ಕೊಟ್ಟವರೇ ಆ ಸಾವಿಗೆ ಕಾರಣರೆಂದು ಕಟುವಾಗಿ ಹೇಳಿದರು. ಗೊತ್ತಿಲ್ಲದಿದ್ದರೆ ಕೇಳಬಾರದಿತ್ತೇ ಎಂಬುದು ಅವರ ಪ್ರಶ್ನೆಯಾಗಿತ್ತು. ಗಾಯಾಳುವಿಗೆ ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ನಾವು ನಮ್ಮ ಬಾಯಿಂದ ಕಸಿದುಕೊಂಡರೆ ಅದು ಧರ್ಮನಿಷ್ಠೆಯಾಗದು.

ಇನ್ನು ನಿಫಾಸ್‌ನ ವಿಷಯ. ಸಿಸೇರಿಯನ್ ಆದರೂ ಗರ್ಭಕೋಶದಿಂದ ರಕ್ತಸ್ರಾವವಿರುವ ತನಕ ನಿಫಾಸ್‌ನ ನಿಯಮಗಳೇ ಅನ್ವಯಿಸುತ್ತವೆ. ಆ ಅವಧಿಯ ನಮಾಝನ್ನು ಮರಳಿ ನಿರ್ವಹಿಸಬೇಕಾಗಿಲ್ಲ, ಉಪವಾಸಗಳನ್ನು ಅನಂತರ ಪೂರೈಸಬೇಕು. ಹನಫೀ ಮದ್‌ಹಬ್‌ನಲ್ಲಿ ಇದರ ಗರಿಷ್ಠ ಅವಧಿ 40 ದಿನಗಳು, ಕರಾವಳಿಯಲ್ಲಿ ಹೆಚ್ಚಿನವರು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ 60 ದಿನಗಳು. ಆದರೆ 25ನೇ ದಿನಕ್ಕೆ ಸ್ರಾವ ನಿಂತರೆ ಅಂದೇ ಸ್ನಾನ ಮಾಡಿ ನಮಾಝ್ ಆರಂಭಿಸಬೇಕು. ಇಲ್ಲಿ ಎರಡು ತಪ್ಪುಗಳಾಗುತ್ತವೆ. ಕೆಲವರು ಶುದ್ಧಿಯಾದರೂ ನಲ್ವತ್ತು ತುಂಬಲೆಂದು ನಮಾಝನ್ನು ಮುಂದೂಡುತ್ತಾರೆ. ಇನ್ನು ಕೆಲವರು ನಮಾಝ್ ಆರಂಭವಾಯಿತೆಂದರೆ ದೇಹವೂ ಪೂರ್ಣ ಗುಣವಾಯಿತೆಂದು ಭಾವಿಸಿ ಬಾಣಂತಿಗೆ ಎಲ್ಲ ಕೆಲಸಗಳನ್ನೂ ವಹಿಸುತ್ತಾರೆ. ನಮಾಝಿನ ಹೊಣೆ ಮರಳುವುದು ಒಂದು ವಿಷಯ, ಕತ್ತರಿಸಿದ ಸ್ನಾಯುಪೊರೆಗೆ ಬಲ ಮರಳುವುದು ಇನ್ನೊಂದು. ಬಗ್ಗಲಾಗದಿದ್ದರೆ ಕುಳಿತು ನಮಾಝ್ ಮಾಡಲಿ, ಅದೂ ಆಗದಿದ್ದರೆ ಪಕ್ಕಕ್ಕೆ ಮಲಗಿ. ಹ. ಇಮ್ರಾನ್ ಬಿನ್ ಹುಸೈನ್‌ರಿಗೆ(ರ) ಪ್ರವಾದಿ(ಸ) ಕಲಿಸಿದ್ದು ಇದನ್ನೇ. ಗಾಯಕ್ಕೆ ನೀರು ತಾಗಬಾರದೆಂದು ವೈದ್ಯರು ಹೇಳಿದ್ದರೆ ಸ್ನಾನದ ವಿಧಾನವನ್ನು ಮಹಲ್ಲಾದ ವಿದ್ವಾಂಸರಲ್ಲಿ ಕೇಳಿ ತಿಳಿದುಕೊಳ್ಳಲಿ.

ವಿಶ್ರಾಂತಿ ಎಂದರೆ ನಲ್ವತ್ತು ದಿನ ಕತ್ತಲೆಯ ಕೋಣೆಯಲ್ಲಿ ಅಲುಗಾಡದೆ ಮಲಗುವುದೂ ಅಲ್ಲ. ಶಸ್ತ್ರಚಿಕಿತ್ಸೆಯ ಮರುದಿನದ ಒಳಗೇ ವೈದ್ಯರು ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸುವುದಕ್ಕೆ ಕಾರಣವಿದೆ. ಅಲುಗಾಡದೆ ಮಲಗಿದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ಬಾಣಂತಿಗೆ ನೀರು ಕಡಿಮೆ ಕೊಡುವುದೂ ತಪ್ಪು. ಹಾಲುಣಿಸುವ ತಾಯಿಗೆ ಬಾಯಾರಿಕೆ ಹೆಚ್ಚು, ನೀರು ಕಡಿಮೆಯಾದರೆ ಮಲಬದ್ಧತೆ, ಅದರಿಂದ ಹೊಲಿಗೆಯ ಮೇಲೆ ಒತ್ತಡ. ಮಧ್ಯಮ ಮಾರ್ಗವೇ ನಮ್ಮ ಮಾರ್ಗ. ಇಂದು ಕೋಣೆಯಿಂದ ಜಗಲಿಯ ತನಕ, ನಾಳೆ ಅಂಗಳದ ತನಕ. ನೋವು ಅಥವಾ ರಕ್ತಸ್ರಾವ ಹೆಚ್ಚಿದರೆ ಅದು ದೇಹ ಕೊಡುವ ಎಚ್ಚರಿಕೆ, ಮರುದಿನ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಮೊದಲ ಆರು ವಾರಗಳಲ್ಲಿ ಮಗುವಿಗಿಂತ ಭಾರವಾದುದನ್ನು ಎತ್ತಬಾರದು. ಏಳುವಾಗ ಪಕ್ಕಕ್ಕೆ ಹೊರಳಿ, ಕೈಯೂರಿ ಏಳಬೇಕು. ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಬೇಕು. ಮಗು ಮಲಗಿದಾಗ ತಾಯಿಯೂ ಮಲಗಬೇಕು, ಆ ಹೊತ್ತು ಬಟ್ಟೆ ಒಗೆಯುವುದಕ್ಕಲ್ಲ. ಜ್ವರ, ಗಾಯದಲ್ಲಿ ಕೀವು, ಒಂದು ಗಂಟೆಯೊಳಗೆ ಪ್ಯಾಡ್ ತೋಯ್ದುಹೋಗುವಷ್ಟು ರಕ್ತಸ್ರಾವ, ಒಂದು ಕಾಲಿನ ಊತ ಮತ್ತು ನೋವು, ಉಸಿರಾಟದ ತೊಂದರೆ, ತೀವ್ರ ತಲೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಎರಡು ವಾರಗಳ ಬಳಿಕವೂ ಅಳು, ಭಯ, ಯಾವುದರಲ್ಲೂ ಮನಸ್ಸಿಲ್ಲದಿರುವಿಕೆ ಮುಂದುವರಿದರೆ ಅದನ್ನು ಈಮಾನಿನ ಕೊರತೆಯೆಂದು ಕರೆಯದಿರಿ. ಅದೂ ಚಿಕಿತ್ಸೆ ಇರುವ ಕಾಯಿಲೆಯೇ.

ಸಹೋದರರೇ, ಬಾಣಂತಿಗೆ ತನ್ನ ವೇಗದಲ್ಲಿ ನಡೆಯಿರಿ ಎಂದು ಉಪದೇಶಿಸುವುದು ಸುಲಭ. ಆಕೆ ಬಿಟ್ಟ ಕೆಲಸವನ್ನು ಬೇರೊಬ್ಬರು ಎತ್ತಿಕೊಳ್ಳದ ಮನೆಯಲ್ಲಿ ಆ ಉಪದೇಶಕ್ಕೆ ಅರ್ಥವಿಲ್ಲ. ಹಾಲುಣಿಸುವ ತಾಯಿಯ ಅನ್ನ ಬಟ್ಟೆಯ ಹೊಣೆಯನ್ನು ಸೂರ ಅಲ್ ಬಕರ (2:233) ಮಗುವಿನ ತಂದೆಯ ಹೆಗಲಿಗೆ ಹಾಕಿದೆ. ಮಗುವಿನ ಕಾರಣದಿಂದ ತಾಯಿಗೆ ಹಾನಿಯಾಗಬಾರದೆಂದೂ ಅದೇ ಸೂಕ್ತ ಹೇಳುತ್ತದೆ. ಪ್ರವಾದಿ(ಸ) ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರೆಂದು ಹ. ಆಯಿಶಾ(ರ) ತಿಳಿಸಿದ್ದಾರೆ. ಆದ್ದರಿಂದ ರಾತ್ರಿ ಮಗುವನ್ನು ಎತ್ತಿ ತಾಯಿಯ ಪಕ್ಕಕ್ಕೆ ತಂದುಕೊಡುವುದು, ನೀರಿನ ಕೊಡ ತುಂಬಿಸುವುದು, ಹಿರಿಯ ಮಗುವನ್ನು ಶಾಲೆಗೆ ಸಿದ್ಧಪಡಿಸುವುದು ಯಾವ ಗಂಡಸಿಗೂ ಕಿರಿತನವಲ್ಲ. ಮನೆಯ ಹಿರಿಯ ತಾಯಂದಿರಲ್ಲಿ ನನ್ನದೊಂದು ವಿನಂತಿ. ನೀವು ಮೂರನೆಯ ದಿನಕ್ಕೆ ನೀರು ಸೇದಿದ್ದು ನಿಜ. ಅಂದು ಯಾರಾದರೂ ನಿಮ್ಮ ಕೈಯಿಂದ ಆ ಹಗ್ಗವನ್ನು ತೆಗೆದುಕೊಂಡಿದ್ದರೆ ನಿಮಗೆ ಎಷ್ಟು ನೆಮ್ಮದಿಯಾಗುತ್ತಿತ್ತು! ಆ ನೆಮ್ಮದಿಯನ್ನು ನಿಮ್ಮ ಸೊಸೆಗೆ ಕೊಡಿ.

ಸಹೋದರಿಯರೇ, ದೇಹಕ್ಕೂ ನಮ್ಮ ಮೇಲೆ ಹಕ್ಕಿದೆಯೆಂದು ಪ್ರವಾದಿ(ಸ) ಕಲಿಸಿದ್ದಾರೆ. ಆ ಹಕ್ಕನ್ನು ಸಲ್ಲಿಸುವಾಗ ನಾಚಿಕೊಳ್ಳದಿರಿ. ನನ್ನ ಮೂರನೆಯ ಹೆರಿಗೆಯೂ ಸಿಸೇರಿಯನ್ ಆಯಿತು. ಈ ಸಲ ಏಳನೆಯ ದಿನ ನೆಂಟರು ಬಂದಾಗ ನನ್ನ ಅತ್ತೆಯೇ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕುಳಿತರು. “ಮಗುವನ್ನು ನಾನೇ ತಂದು ತೋರಿಸುತ್ತೇನೆ, ಅವಳು ಮಲಗಿದ್ದಾಳೆ” ಎಂದರು. ಬಾಗಿಲಾಚೆ ಆ ಮಾತು ಕೇಳಿಸಿಕೊಂಡು ನಾನು ನಿಶ್ಚಿಂತೆಯಿಂದ ನಿದ್ರೆಹೋದೆ. ಎಲ್ಲ ಬಾಣಂತಿಯರಿಗೂ ಅಲ್ಲಾಹನು ಅಂತಹ ಕಾವಲನ್ನೂ ಪೂರ್ಣ ಆರೋಗ್ಯವನ್ನೂ ಕರುಣಿಸಲಿ, ಆಮೀನ್.