ಬೆಂಗಳೂರು ಕೆಟ್ಟಿತು ಎನ್ನುವ ಮುನ್ನ

ಯುಗಾದಿಯ ಊಟವಿರಲಿ, ರಾಜ್ಯೋತ್ಸವದ ಕಾರ್ಯಕ್ರಮವಿರಲಿ, ನಮ್ಮ ಕೂಟದಲ್ಲಿ ನಾಲ್ಕು ಜನ ಕಾಫಿ ಲೋಟ ಹಿಡಿದು ನಿಂತರೆ ಐದನೆಯ ನಿಮಿಷಕ್ಕೆ ಬರುವ ಮಾತು ಒಂದೇ: "ಬೆಂಗಳೂರು ಕೆಟ್ಟುಹೋಯಿತು ಕಣ್ರೀ." ಊರಿಗೆ ಹೋಗಿ ಬಂದವರು ಟ್ರಾಫಿಕ್ಕಿನ ಕಥೆ ಹೇಳುತ್ತಾರೆ, ಹೋಗದವರು ಫ್ಯಾನೇ ಇಲ್ಲದೆ ಬೇಸಿಗೆ ಕಳೆದ ಕಾಲವನ್ನು ನೆನೆಯುತ್ತಾರೆ. ಕೊನೆಗೆ ಯಾರಾದರೊಬ್ಬರು ತೀರ್ಪು ಕೊಡುತ್ತಾರೆ: "ಹೊರಗಿನವರೆಲ್ಲ ಬಂದು ತುಂಬಿಕೊಂಡರು, ಸಾಫ್ಟ್‌ವೇರ್ ಬಂತು, ಊರು ಹಾಳಾಯಿತು." ಎಲ್ಲರೂ ತಲೆಯಾಡಿಸಿ ಬಿಸಿಬೇಳೆ ಬಾತಿನ ಸಾಲಿಗೆ ಹೋಗುತ್ತಾರೆ.

ಈ ತೀರ್ಪನ್ನು ನಾವು ಒಪ್ಪುವುದಿಲ್ಲ. ಊರು ಕೆಟ್ಟಿಲ್ಲವೆಂದು ನಮ್ಮ ವಾದವಲ್ಲ. ಕೆಡಿಸಿದವರು ಯಾರು ಎಂಬುದರಲ್ಲಿ ನಮ್ಮ ತಕರಾರು.

ಮೊದಲು ಲೆಕ್ಕ ನೋಡೋಣ. 1941ರಲ್ಲಿ ಸುಮಾರು 4 ಲಕ್ಷ ಜನರಿದ್ದ ಊರು 1951ರ ಹೊತ್ತಿಗೆ ಹತ್ತಿರ ಹತ್ತಿರ 8 ಲಕ್ಷವಾಗಿತ್ತು. 1971ರಲ್ಲಿ ಹದಿನಾರೂವರೆ ಲಕ್ಷವಿದ್ದದ್ದು 1981ರಲ್ಲಿ 29 ಲಕ್ಷವಾಯಿತು, ಅಂದರೆ ಹತ್ತು ವರ್ಷದಲ್ಲಿ ಮುಕ್ಕಾಲು ಪಾಲು ಏರಿಕೆ. ಸಾಫ್ಟ್‌ವೇರಿಗೆ ದಾರಿ ತೋರಿದ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಕಾಲಿಟ್ಟದ್ದು 1985ರಲ್ಲಿ! 2001ರಿಂದ 2011ರವರೆಗೆ 57 ಲಕ್ಷ 85 ಲಕ್ಷವಾಯಿತು. ಇದು ಅರ್ಧದಷ್ಟು ಏರಿಕೆ. ಬೆಳೆದ ವೇಗವೊಂದೇ ಊರನ್ನು ಕೆಡಿಸುವುದಾಗಿದ್ದರೆ, ನಾವು ಹಾಡಿ ಹೊಗಳುವ ಆ ಹಳೆಯ ಬೆಂಗಳೂರು ಹುಟ್ಟುವ ಮೊದಲೇ ಸತ್ತಿರಬೇಕಿತ್ತು.

"ಶೇಕಡಾ ಲೆಕ್ಕ ಬಿಡಿ ಸ್ವಾಮಿ, ತಲೆ ಎಣಿಸಿ" ಎನ್ನುವವರಿದ್ದಾರೆ. ನ್ಯಾಯವಾದ ಮಾತೇ. ಆ ಒಂದು ದಶಕದಲ್ಲಿ 1981ರ ಇಡೀ ಬೆಂಗಳೂರಿನಷ್ಟು ಜನ ಹೊಸದಾಗಿ ಸೇರಿದರು. ಅಷ್ಟು ಜನಕ್ಕೆ ನೀರು, ದಾರಿ, ಚರಂಡಿ ಒದಗಿಸುವುದು ಹುಡುಗಾಟವಲ್ಲ. ಹಾಗಾದರೆ ಕೇಳಬೇಕಾದದ್ದು ಜನ ಯಾಕೆ ಬಂದರು ಎಂದಲ್ಲ, ಬರುವವರಿಗಾಗಿ ಯಾರು ಏನು ಸಿದ್ಧ ಮಾಡಿದ್ದರು ಎಂದು.

ಹಿಂದಿನವರು ಮಾಡಿದ್ದರು. 1898ರಲ್ಲಿ ಪ್ಲೇಗು ಬಂದು ಪೇಟೆಯ ಕಿಷ್ಕಿಂಧೆಯಲ್ಲಿ ಜನ ಸಾಯತೊಡಗಿದಾಗ, ಅಗಲವಾದ ರಸ್ತೆಗಳ ಬಸವನಗುಡಿ, ಮಲ್ಲೇಶ್ವರಗಳನ್ನು ಕಟ್ಟಿದರು. 1940ರ ದಶಕದಲ್ಲಿ ಊರು ಉಬ್ಬಿದಾಗ ಜಯನಗರಕ್ಕೆ ಗೆರೆ ಎಳೆದರು. ಲಾಲ್‌ಬಾಗಿನ ಕ್ರುಂಬಿಗಲ್ ಸಾಹೇಬರು ಒಂದು ಮರದ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಸಾಲುಮರಗಳನ್ನು ಆರಿಸಿದರು. ಅವರು ಜರ್ಮನಿಯವರು, "ಹೊರಗಿನವರು". 1956ರಲ್ಲಿ ಬೆಂಗಳೂರಿನಲ್ಲೇ ಮಣ್ಣಾದರು. 1980ರ ದಶಕದಲ್ಲಿ, ಊರು ನಾಗಾಲೋಟದಲ್ಲಿ ಓಡುತ್ತಿದ್ದಾಗಲೇ, ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ನೇತೃತ್ವದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಟ್ಟರು. ರಜೆಗೆ ಹೋದಾಗ ನಾವು ಯಾವ ನೆರಳಿನಲ್ಲಿ ನಿಂತು "ಆಹಾ, ನಮ್ಮ ಬೆಂಗಳೂರು" ಎನ್ನುತ್ತೇವೋ ಅದರಲ್ಲಿ ಎಷ್ಟೋ ಪಾಲು ಹೀಗೆ ಬೆಳವಣಿಗೆಯ ಜೊತೆಜೊತೆಗೇ ಹುಟ್ಟಿದ್ದು.

ಆದರೆ ಹಳೆಯದೆಲ್ಲ ಹೊನ್ನೆಂದು ಬಗೆಯುವುದೂ ಬೇಡ. ಕೆರೆಗಳ ಕಥೆ ನೋಡಿ. ಧರ್ಮಾಂಬುಧಿ ಕೆರೆ ನಮ್ಮ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಅಕ್ಕಿತಿಮ್ಮನಹಳ್ಳಿ ಕೆರೆಯ ಮೇಲೆ ಹಾಕಿ ಆಡಿದರು. ಕೋರಮಂಗಲದ ಕೆರೆಯಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಗ್ರಾಮವೇ ಎದ್ದಿತು. ಇವನ್ನು ಯಾವ ಹೊರಗಿನವನೂ ಕದ್ದೊಯ್ಯಲಿಲ್ಲ. ನಮ್ಮ ಸರ್ಕಾರಗಳೇ, ನಮ್ಮ ಜನ ಚಪ್ಪಾಳೆ ತಟ್ಟುತ್ತಿರುವಾಗಲೇ, ಹಾಡಹಗಲಲ್ಲಿ ನುಂಗಿದವು. ಬೇಲಿಯೇ ಹೊಲ ಮೇಯ್ದದ್ದು ಹೀಗೆ. ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿರುವ, ಹತ್ತಿರದಲ್ಲಿ ದೊಡ್ಡ ನದಿಯಿಲ್ಲದ ಊರಿಗೆ ಕೆರೆಯೆಂದರೆ ಅಲಂಕಾರವಲ್ಲ, ಜೀವ. ಒಂದರ ಕೋಡಿ ಇನ್ನೊಂದಕ್ಕೆ ಹರಿಯುವ ಸರಪಳಿ ಅದು. ಸರಪಳಿ ಕಡಿದ ಮೇಲೆ ಮಳೆ ಎಲ್ಲಿಗೆ ಹೋಗಬೇಕು? 2022ರ ಸೆಪ್ಟೆಂಬರಿನಲ್ಲಿ ಅದು ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳ ನಡುಮನೆಗೆ ಹೋಯಿತು. ಇಂಜಿನಿಯರುಗಳು ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದರು. ಊರಿನ ಕೊಳಚೆಯನ್ನೆಲ್ಲ ಹೊತ್ತ ಬೆಳ್ಳಂದೂರು ಕೆರೆಗೆ 2017ರ ಫೆಬ್ರವರಿಯಲ್ಲೂ 2018ರ ಜನವರಿಯಲ್ಲೂ ಬೆಂಕಿ ಬಿದ್ದದ್ದನ್ನು ಲೋಕವೇ ನೋಡಿತು. ನೀರಿಗೇ ಬೆಂಕಿ ಹಚ್ಚಿದ ಊರು ಎಂಬ ಬಿರುದು ನಮಗೆ ದಕ್ಕಿತು.

ಇನ್ನು ನಿಜವಾದ ಅಪರಾಧಕ್ಕೆ ಬರೋಣ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. 226 ಚದರ ಕಿಲೋಮೀಟರಿನ ಊರು ಒಂದೇ ಆದೇಶದಲ್ಲಿ 700ನ್ನು ದಾಟಿತು. ಆ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಭೂಪಟ ಮೊದಲು ಬಂತು, ನೀರು ಹದಿನೇಳು ವರ್ಷ ಕಳೆದು ಬಂತು! ನಡುವೆ ಅಪಾರ್ಟ್‌ಮೆಂಟುಗಳಿಗೆ ಅನುಮತಿ ಮಾತ್ರ ನಿಲ್ಲಲಿಲ್ಲ. ಕೊಳವೆಬಾವಿ ಕೊರೆದರು, ಅದೂ ಸಾಲದಾದಾಗ ಟ್ಯಾಂಕರಿಗೆ ದುಡ್ಡು ಸುರಿದರು. 2024ರ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿ ಕೂತವು. ಆ ಹಳ್ಳಿಗಳಲ್ಲಿ ರಾಗಿ ಬೆಳೆಯುತ್ತಿದ್ದವರು, ಸೊಪ್ಪು ಮಾರುತ್ತಿದ್ದವರು ಯಾರು? ಅಚ್ಚ ಕನ್ನಡಿಗರು. ಅವರು ಬೆಂಗಳೂರಿಗೆ ಬರಲಿಲ್ಲ, ಬೆಂಗಳೂರೇ ಅವರ ಮೇಲೆ ಬಂದು ಬಿತ್ತು.

ಇದಕ್ಕೆಲ್ಲ ಉತ್ತರ ಹೇಳಬೇಕಾದವರು ಯಾರು? ಪಾಲಿಕೆಯ ಸದಸ್ಯರು ತಾನೇ? ಅವರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. 2025ರಲ್ಲಿ ಪಾಲಿಕೆಯನ್ನೇ ಒಡೆದು ಐದು ಮಾಡಿದರು. ಆಗಲೂ ವಾರ್ಡಿನ ಜನಕ್ಕೆ ಬಾಗಿಲು ತಟ್ಟಲು ಒಬ್ಬ ಚುನಾಯಿತ ಸದಸ್ಯನಿರಲಿಲ್ಲ. ಕೋಟಿ ಜನರ ಊರನ್ನು ಅಧಿಕಾರಿಗಳು ಕಾಗದದ ಮೇಲೆ ನಡೆಸಿದರು. ನಾವಿರುವ ಈ ದೇಶದ ಅನೇಕ ಊರುಗಳಲ್ಲಿ ಪಕ್ಕದ ಮನೆಯವರು ಮಹಡಿ ಏರಿಸಬೇಕಾದರೂ ನಮಗೊಂದು ನೋಟೀಸು ಬರುತ್ತದೆ, ಸಭೆಗೆ ಹೋಗಿ ಮಾತಾಡುವ ಹಕ್ಕಿರುತ್ತದೆ. ಬೆಂಗಳೂರಿನವರು ಅಷ್ಟನ್ನು ಕೇಳಿದರೆ ಅತಿಯಾಸೆಯೇ?

ಈ ದೇಶದ ಮಾತು ಬಂತು, ಇನ್ನೊಂದು ನೆನಪಿರಲಿ. ನಾವು ಮನೆ ಮಾಡಿಕೊಂಡಿರುವ ಈ ಸಾಂಟಾ ಕ್ಲಾರಾ ಕಣಿವೆ ಒಂದು ಕಾಲಕ್ಕೆ ಏಪ್ರಿಕಾಟ್, ಪ್ಲಮ್ ತೋಟಗಳಿಂದ ತುಂಬಿತ್ತು. 1950ರಲ್ಲಿ ಸುಮಾರು 95 ಸಾವಿರ ಜನರಿದ್ದ ಸ್ಯಾನ್ ಹೊಸೆ 1970ರ ಹೊತ್ತಿಗೆ ನಾಲ್ಕೂವರೆ ಲಕ್ಷಕ್ಕೆ ಬೆಳೆಯಿತು, ತೋಟಗಳು ಹೋದವು. ಇಲ್ಲಿನ ಹಳಬರೊಬ್ಬರು ನಮ್ಮ ಕೂಟದ ಬಾಗಿಲಲ್ಲಿ ನಿಂತು, "ನೀವು ಹೊರಗಿನವರು ಬಂದಿರಿ, ನಮ್ಮ ಕಣಿವೆ ಹಾಳಾಯಿತು" ಎಂದರೆ ನಮಗೆ ಹೇಗಾದೀತು? ಇಲ್ಲಿ ನಮಗೆ ಚುಚ್ಚುವ ಮಾತನ್ನು ಅಲ್ಲಿ ಬಿಹಾರದ ಗಾರೆಯವನ ಮೇಲೆ, ಕಲಬುರಗಿಯಿಂದ ಬಂದ ಕೂಲಿಯವಳ ಮೇಲೆ ಎಸೆಯುವುದು ಯಾವ ನ್ಯಾಯ? ಬಂದವರು ನಾಲ್ಕು ಮಾತು ಕನ್ನಡ ಕಲಿಯಲಿ ಎಂದು ಕೇಳೋಣ, ಗಟ್ಟಿಯಾಗಿಯೇ ಕೇಳೋಣ. ಆದರೆ ಚರಂಡಿ ಕಟ್ಟಿಕೊಂಡದ್ದಕ್ಕೂ ಭಾಷೆಗೂ ಗಂಟು ಹಾಕುವುದು ಬೇಡ. ಹಾಗೆ ಗಂಟು ಹಾಕಿದಷ್ಟೂ ಒಳಗೊಳಗೇ ನಗುವವರು ಕೆರೆ ನುಂಗಿದವರು.

ಬೆಂಗಳೂರಿನಲ್ಲೇ ಇರುವವರು ಸುಮ್ಮನೆ ಕೊರಗುತ್ತಾ ಕೂತಿಲ್ಲ. 2016ರಲ್ಲಿ ಚಾಲುಕ್ಯ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆಗಾಗಿ ನೂರಾರು ಮರ ಕಡಿಯಹೊರಟಾಗ ಸಾವಿರಾರು ಜನ ಕೈಕೈ ಹಿಡಿದು ರಸ್ತೆಯಲ್ಲಿ ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಕೈಕೊಂಡ್ರಹಳ್ಳಿ ಕೆರೆ, ಪುಟ್ಟೇನಹಳ್ಳಿ ಕೆರೆಗಳು ಸುತ್ತಲಿನ ನಿವಾಸಿಗಳು ಹಟ ಹಿಡಿದದ್ದರಿಂದ ಮತ್ತೆ ತುಂಬಿದವು, ಹಕ್ಕಿಗಳು ಬಂದವು. ಆ ನಿವಾಸಿಗಳಲ್ಲಿ ಕನ್ನಡಿಗರೂ ಇದ್ದರು, ನಾವು "ಹೊರಗಿನವರು" ಎನ್ನುವವರೂ ಇದ್ದರು.

ನಾವು ಇಲ್ಲಿಂದ ಮಾಡಬಹುದಾದದ್ದು ಮೂರು. ಊರಲ್ಲಿ ಫ್ಲಾಟು, ಸೈಟು ಕೊಳ್ಳುವ ಸದಸ್ಯರು ಬೆಲೆ ಕೇಳುವ ಮೊದಲು ಹಳೆಯ ಸರ್ವೆ ನಕ್ಷೆ ತರಿಸಿ, ಅಲ್ಲಿ ಕೆರೆ ಅಥವಾ ರಾಜಕಾಲುವೆ ಇತ್ತೇ ನೋಡಲಿ. ಇದ್ದರೆ ಎಷ್ಟೇ ಅಗ್ಗವಾದರೂ ಬೇಡವೆನ್ನಲಿ. ಕೊಳ್ಳುವವರಿಲ್ಲದಿದ್ದರೆ ನುಂಗುವವರೂ ಇರುವುದಿಲ್ಲ. ಎರಡು, ಕರ್ನಾಟಕದ ಮಂತ್ರಿಗಳು ಬಂಡವಾಳ ಕೇಳಿಕೊಂಡು ಇಲ್ಲಿಗೆ ಬಂದಾಗ ಶಾಲು, ಹಾರ, ಫೋಟೋ ಮುಗಿದ ಮೇಲೆ ಒಬ್ಬರಾದರೂ ಎದ್ದು ನಿಂತು, "ವಾರ್ಡಿನ ಜನರನ್ನು ಕೇಳದೆ ಊರು ನಡೆಸಿದ್ದು ಸರಿಯೇ?" ಎಂದು ಕೇಳಲಿ. ಮೂರು, ದೇಣಿಗೆ ಕೊಡುವ ಮನಸ್ಸಿದ್ದವರು ತಮ್ಮ ಹಳೆಯ ಬಡಾವಣೆಯ ಹತ್ತಿರದ ಒಂದು ಕೆರೆಯನ್ನು ಆರಿಸಿಕೊಂಡು, ಅದನ್ನು ಕಾಯುತ್ತಿರುವವರ ಬೆನ್ನಿಗೆ ನಿಲ್ಲಲಿ.

ಇಷ್ಟನ್ನೂ ಮಾಡದೆ "ಕೆಟ್ಟುಹೋಯಿತು ಕಣ್ರೀ" ಎನ್ನುವುದು ಸುಲಭ. ಅದಕ್ಕೆ ಕಾಫಿ ಒಂದಿದ್ದರೆ ಸಾಕು. ನಮ್ಮ ಮಾತು ಕಹಿಯೆನಿಸಿದವರು, ಒಪ್ಪದವರು ದಯವಿಟ್ಟು ಮುಂದಿನ ಸಂಚಿಕೆಗೆ ಬರೆದು ಕಳಿಸಿ. ಒಪ್ಪಿದವರು ತಮ್ಮ ಕೆರೆಯ ಹೆಸರನ್ನು ಬರೆದು ಕಳಿಸಿ.