ಅಕ್ಕಿಯ ಯೋಗ್ಯತೆಯನ್ನು ಅಳೆಯುವವರಾರು?

ಒಂದು ಅಗುಳನ್ನು ಹಿಸುಕಿ ನೋಡಿ ಗಡಿಗೆಯ ಅನ್ನವೆಲ್ಲ ಬೆಂದಿತೋ ಇಲ್ಲವೋ ಎಂಬುದನ್ನು ಹೇಳಬಲ್ಲ ಗೃಹಿಣಿಯರು ನಮ್ಮ ನಾಡಿನ ಮನೆಮನೆಯಲ್ಲಿಯೂ ಇದ್ದಾರೆ. ಆದರೆ ಅಕ್ಕಿಯ ಬೆಲೆಯನ್ನು ಗೊತ್ತುಮಾಡತಕ್ಕವರು ಗಡಿಗೆಯ ಬಳಿಗೆ ಸುಳಿಯುವವರಲ್ಲ. ಬಿಳುಪು, ಹೊಳಪು, ಸಣ್ಣಗಾತ್ರ, ತೂಕ, ಇವೇ ಪೇಟೆಯ ಪ್ರಮಾಣಗಳು. ಸರ್ಕಾರದವರ ಬೆಂಬಲ ಬೆಲೆಯಲ್ಲಿಯೂ ಭತ್ತಕ್ಕೆ ‘ಸಾಮಾನ್ಯ’ ಮತ್ತು ‘ಎ ದರ್ಜೆ’ ಎಂಬ ಎರಡೇ ಪಂಗಡಗಳು. ಈ ವಿಂಗಡಣೆಯು ಕಾಳಿನ ಉದ್ದಗಲಗಳನ್ನು ನೋಡಿ ಆಗುವುದೇ ಹೊರತು, ಉಣ್ಣುವವನ ಮೈಗೆ ಅದು ಏನನ್ನು ಕೊಡುವುದೆಂಬುದನ್ನು ನೋಡಿ ಅಲ್ಲ.

ಇದರ ಪರಿಣಾಮವೇನು? ಅಘನಾಶಿನಿಯ ಅಳಿವೆಯ ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ತಡೆದು ಬೆಳೆಯುವ ಕಗ್ಗ, ಹೊಳೆನರಸೀಪುರ ಸೀಮೆಯ ರಾಜಮುಡಿ, ಮಲೆನಾಡಿನ ಗಂಧಸಾಲೆ, ಇವೆಲ್ಲವೂ ಒಂದೇ ತಕ್ಕಡಿಯಲ್ಲಿ ತೂಗಲ್ಪಟ್ಟು ಹಗುರವೆನಿಸುತ್ತವೆ. ಕೊಳ್ಳುವವರಿಲ್ಲದ ತಳಿಯನ್ನು ರೈತನು ಕೆಲವು ವರ್ಷ ಬಿತ್ತದೆ ಬಿಟ್ಟನೆಂದರೆ ಕಣಜದಲ್ಲಿರುವ ಬೀಜವು ಮೊಳೆಯುವ ಶಕ್ತಿಯನ್ನೇ ಕಳೆದುಕೊಳ್ಳುವುದು. ಹಾಗೆ ಹೋದುದು ಮರಳಿ ಬಾರದು.

ಬಿಳುಪಿನ ವ್ಯಾಮೋಹದ ಕೇಡು ಹೊಸದಾಗಿ ತಿಳಿದುದಲ್ಲ. ನಯಮಾಡಿದ ಅಕ್ಕಿಯನ್ನೇ ತಿಂದ ಕೋಳಿಗಳಿಗೆ ಬೆರಿಬೆರಿಯಂತಹ ರೋಗವು ತಗಲುವುದೆಂದೂ, ತೌಡಿನಿಂದ ಅದು ವಾಸಿಯಾಗುವುದೆಂದೂ ಜಾವಾ ದ್ವೀಪದಲ್ಲಿ ಐಕ್‌ಮನ್ ಎಂಬ ವೈದ್ಯನು 1890ರ ದಶಕದಲ್ಲಿಯೇ ತೋರಿಸಿದನು. 1929ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಭತ್ತವನ್ನು ಕುದಿಸಿ ಒಣಗಿಸಿದರೆ ತೌಡಿನಲ್ಲಿರುವ ಥಯಮಿನ್ ಎಂಬ ಜೀವಸತ್ವದ ಒಂದಂಶವು ಕಾಳಿನ ಒಳಗೆ ಇಳಿಯುವುದು. ಕುಚ್ಚಲಕ್ಕಿಯ ಗಂಜಿಯನ್ನುಂಡ ಕರಾವಳಿಯ ಹಿರಿಯರು ಶಾಸ್ತ್ರವನ್ನು ಓದದೆಯೇ ಅದರ ಫಲವನ್ನು ಪಡೆದರು. 2021ರ ಆಗಸ್ಟ್ 15ರಂದು ಕೇಂದ್ರ ಸರ್ಕಾರವು ಪೌಷ್ಟಿಕಾಂಶಗಳನ್ನು ಬೆರೆಸಿದ ಅಕ್ಕಿಯನ್ನು ಬಡವರಿಗೆ ಹಂಚುವುದಾಗಿ ಸಾರಿತು. ಅದು ಬೇಡವೆಂಬುದು ನಮ್ಮ ವಾದವಲ್ಲ. ಹೊರಗಿನಿಂದ ಬೆರೆಸುವ ಮೊದಲು ಒಳಗಿದ್ದುದನ್ನು ಉಳಿಸಿಕೊಳ್ಳಬಾರದೇಕೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಆದರೆ ನಮ್ಮ ಪಕ್ಷದವರಿಗೂ ಒಂದು ಮಾತನ್ನು ಹೇಳಬೇಕಾಗಿದೆ. ನಾಟಿ ತಳಿಯೆಂದ ಮಾತ್ರಕ್ಕೆ ಎಲ್ಲವೂ ಅಮೃತವಲ್ಲ, ಕೆಂಪಕ್ಕಿಯೆಲ್ಲವೂ ಔಷಧವಲ್ಲ. ಸ್ತುತಿಯಿಂದ ತಳಿಯು ಉಳಿಯದು, ಪರೀಕ್ಷೆಯಿಂದ ಉಳಿಯುವುದು. ಗಿರಣಿಯಲ್ಲಿ ನುಚ್ಚಾಗದೆ ಎಷ್ಟು ಇಡಿಯಕ್ಕಿ ಉಳಿಯಿತು? ಅಮೈಲೋಸ್ ಎಂಬ ಪಿಷ್ಟಾಂಶವೆಷ್ಟು? ಇದು ನೂರಕ್ಕೆ 25ನ್ನು ಮೀರಿದರೆ ಅನ್ನವು ಉದುರುದುರಾಗಿ, ಆರಿದ ಮೇಲೆ ಗಟ್ಟಿಯಾಗುವುದು. 20ಕ್ಕಿಂತ ಕಡಮೆಯಾದರೆ ಮೆತ್ತಗಾಗಿ ಅಂಟಿಕೊಳ್ಳುವುದು. ನಡುವಿನದು ಹೆಚ್ಚಿನವರಿಗೆ ರುಚಿಸುವುದು. ಬೆಂದಾಗ ಅಗುಳು ಎಷ್ಟು ನೀಳವಾಯಿತು? ಕಬ್ಬಿಣ, ಸತು, ಸಸಾರಜನಕಗಳೆಷ್ಟು? ಇವಿಷ್ಟನ್ನೂ ಅಳೆಯುವ ವಿಧಾನಗಳು ನಮ್ಮ ವಿಜ್ಞಾನಿಗಳಿಗೆ ಚೆನ್ನಾಗಿ ತಿಳಿದಿವೆ.

ಆದುದರಿಂದ ಮಂಡ್ಯದ ವಿ. ಸಿ. ಫಾರಂ, ಬ್ರಹ್ಮಾವರ, ಮುಗದ ಮೊದಲಾದ ಸಂಶೋಧನ ಕೇಂದ್ರದವರು ತಮ್ಮ ತಮ್ಮ ಸೀಮೆಯ ತಳಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಫಲಿತಾಂಶವನ್ನು ರೈತನಿಗೂ ಗೃಹಿಣಿಗೂ ತಿಳಿಯುವ ಕನ್ನಡದಲ್ಲಿ ಅಚ್ಚುಮಾಡಿಸಬೇಕು. ಗಂಜಿಗೆ ಯಾವುದು, ದೋಸೆಗೆ ಯಾವುದು, ಪಾಯಸಕ್ಕೆ ಯಾವುದು ಎಂದು ಅಡಿಗೆಯವರನ್ನೂ ಕೇಳಿ ಬರೆಯಬೇಕು. ಸರ್ಕಾರದವರು ಆ ಗುಣಕ್ಕೆ ತಕ್ಕ ಬೆಲೆಯನ್ನು ಕಟ್ಟಬೇಕು. ಕೊಳ್ಳುವ ಮಹಾಜನರೂ ಅಂಗಡಿಯಲ್ಲಿ ಬಣ್ಣವನ್ನು ಕೇಳುವುದನ್ನು ಬಿಟ್ಟು ಗುಣವನ್ನು ಕೇಳುವುದನ್ನು ಕಲಿಯಬೇಕು. ಅನ್ನವನ್ನು ಕಣ್ಣಿನಿಂದ ಕೊಳ್ಳುವವರೆಗೂ ನಮ್ಮ ಹೊಟ್ಟೆಯು ಮೋಸಹೋಗುತ್ತಲೇ ಇರುವುದು.